ದಿಮ್ಮಿಯೊಳಗಿನ ಸದ್ದು

ಭಾಗ್ಯ ಕಣ್ಣು ಮುಚ್ಚಿ ಬಲಗಿವಿಯನ್ನು ದಿಮ್ಮಿಯ ತುದಿಗೆ ಒತ್ತಿ ಹಿಡಿದಳು. ಹದಿನೈದು ಅಡಿ ಆಚೆ, ಇನ್ನೊಂದು ತುದಿಯಲ್ಲಿ ಅವಳ ಅಜ್ಜ, ಕಾಶಪ್ಪ ಮುತ್ಯಾ, ಕುಕ್ಕರಗಾಲಲ್ಲಿ ಕುಳಿತು ಮರವನ್ನು ಮೊಳೆಯಿಂದ ಗೀರುತ್ತಿದ್ದ.

ಏನೂ ಕೇಳಿಸಲಿಲ್ಲ.

ಅವಳು ಇನ್ನಷ್ಟು ಒತ್ತಿದಳು. ಕೆನ್ನೆಗೆ ಕಟ್ಟಿಗೆಯ ಪುಡಿ ಅಂಟಿತು. ತನ್ನದೇ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ.

"ಕೇಳಸ್ತೇನವ್ವಾ?" ಮುತ್ಯಾ ಅಲ್ಲಿಂದಲೇ ಕೇಳಿದ.

ಭಾಗ್ಯ ತಲೆ ಎತ್ತಿದಳು. ಅದು ಚಿತ್ತಾಪುರದ ಸಾಮಿಲ್. ಇವರಿಬ್ಬರಿಗಾಗಿ ಮಾಲೀಕ ಅಮೀರ್ ಅಲಿ ಮಷಿನ್ ಬಂದ್ ಮಾಡಿಸಿದ್ದ. ಕೆಲಸದವರೆಲ್ಲ ಸುಮ್ಮನೆ ನಿಂತು ಅವಳನ್ನೇ ನೋಡುತ್ತಿದ್ದರು. ಐದನೇ ಕ್ಲಾಸಿನ ಹುಡುಗಿಗೆ ಇಷ್ಟೂ ಕೇಳಿಸುವುದಿಲ್ಲವೇ ಎಂದು ನಗುತ್ತಾರೇನೋ ಅನ್ನಿಸಿತು.

ಅವಳು ಹೌದೆಂದು ತಲೆಯಾಡಿಸಿಬಿಟ್ಟಳು.

ಮುತ್ಯಾನ ಮುಖ ಅರಳಿತು. ಚಾಕ್‌ಪೀಸ್ ತೆಗೆದು ದಿಮ್ಮಿಯ ಮೇಲೆ ದೊಡ್ಡದೊಂದು ಸೊನ್ನೆ ಬರೆದ. ಇದನ್ನು ಕೊಯ್ಯಬಹುದು ಎಂದು ಅದರ ಅರ್ಥ.

ಅವರ ಊರು ಕಾಗಿಣಾ ನದಿಯ ದಂಡೆಯಲ್ಲಿತ್ತು. ಮಳೆ ಜೋರಾದರೆ ಸಣ್ಣ ಸೇತುವೆ ಮುಳುಗುತ್ತಿತ್ತು. ಆಗ ಆಚೆ ದಡದ ತೊಗರಿ ಹೊಲಗಳಿಗೆ ಹೋಗಲು ಮುತ್ಯಾ ಕಟ್ಟಿದ ದೋಣಿಯೊಂದೇ ದಾರಿ. ಭಾಗ್ಯಳ ಗೆಳತಿ ಜಬೀನಾ ಕೂಡ ರಜೆ ದಿನ ಅಮ್ಮಿಗೆ ಬುತ್ತಿ ಕೊಡಲು ಅದರಲ್ಲೇ ಹೋಗುತ್ತಿದ್ದಳು. ಆ ದೋಣಿ ಈಗ ಹಳೆಯದಾಗಿ ತಳ ಮೆತ್ತಗಾಗಿತ್ತು. ಹೊಸದು ಕಟ್ಟಬೇಕಿತ್ತು.

ಮೊದಲೆಲ್ಲ ಮುತ್ಯಾನ ಹೆಂಡತಿ ಶಿವಕಾಂತಮ್ಮ ಆಯಿ ದಿಮ್ಮಿ ಗೀರುತ್ತಿದ್ದಳಂತೆ, ಮುತ್ಯಾ ಕಿವಿಗೊಟ್ಟು ಕೇಳುತ್ತಿದ್ದನಂತೆ. ಸದ್ದು ಈ ತುದಿಗೆ ದಾಟಿ ಬಂದರೆ ಮರ ಒಳಗೆ ಗಟ್ಟಿ, ಬಾರದಿದ್ದರೆ ಒಳಗೆಲ್ಲೋ ಕೆಟ್ಟಿದೆ ಎಂದು ಲೆಕ್ಕ. ಈಗ ಆಯಿ ಇಲ್ಲ. ಮುತ್ಯಾನಿಗೆ ಬೆನ್ನ ಹಿಂದೆ ಬಸ್ಸಿನ ಹಾರ್ನ್ ಹೊಡೆದರೂ ಗೊತ್ತಾಗುವುದಿಲ್ಲ. ಅದಕ್ಕೇ ಅವನು ಮೊಮ್ಮಗಳ ಕಿವಿಯನ್ನು ನಂಬಿ ಬಂದಿದ್ದ.

ಸೊನ್ನೆ ಬರೆಸಿಕೊಂಡದ್ದು ಸಾಗವಾನಿ ಮರ. ಎಲ್ಲೂ ಗಂಟಿಲ್ಲ, ಸೊಟ್ಟಿಲ್ಲ, ತುದಿಯಲ್ಲಿ ಜೇನಿನ ಬಣ್ಣ. ಇಷ್ಟು ಚಂದದ ಮರದಲ್ಲಿ ದೋಷವೇನು ಇದ್ದೀತು, ತನ್ನ ಕಿವಿಯೇ ದಡ್ಡ ಇರಬೇಕು ಎಂದು ಭಾಗ್ಯ ಸಮಾಧಾನ ಮಾಡಿಕೊಂಡಳು.

ಎರಡನೆಯದು ಮತ್ತಿ ಮರ. ಫರಸಿ ಕಲ್ಲುಗಳ ಮೇಲೆ ಮೊಸಳೆಯ ಹಾಗೆ ಬಿದ್ದುಕೊಂಡಿತ್ತು. ತೊಗಟೆಯೂ ಮೊಸಳೆ ಚರ್ಮದಂತೆಯೇ ಕಪ್ಪಗೆ ಚೌಕ ಚೌಕವಾಗಿ ಸೀಳಿತ್ತು. ಭಾಗ್ಯ ಒಲ್ಲದ ಮನಸ್ಸಿನಿಂದ ಕಿವಿ ಹಚ್ಚಿದಳು.

ಕರ್ರ್. ಕರ್ರ್.

ಅವಳು ಬೆಚ್ಚಿ ತಲೆ ಹಿಂದಕ್ಕೆಳೆದು ಸುತ್ತ ನೋಡಿದಳು. ಕಿವಿಯ ಪಕ್ಕದಲ್ಲೇ ಯಾರೋ ಗೀರಿದ ಹಾಗಿತ್ತು. ಹತ್ತಿರ ಯಾರೂ ಇರಲಿಲ್ಲ. ಮುತ್ಯಾ ದೂರದಲ್ಲಿ, ಆ ತುದಿಯಲ್ಲೇ ಇದ್ದ.

ಮತ್ತೆ ಕಿವಿ ಹಚ್ಚಿದಳು. ಮುತ್ಯಾ ಈಗ ಮೊಳೆ ಬಿಟ್ಟು ಬರೀ ಉಗುರಿನಿಂದ ಕೆರೆದ. ಅದೂ ಬಂತು. ಸಣ್ಣಗೆ, ಆದರೆ ಒಂಚೂರೂ ಮಸುಕಾಗದೆ, ಮರದ ಹೊಟ್ಟೆಯೊಳಗೆ ಓಡುತ್ತ ಬಂದು ಅವಳ ತಲೆಯೊಳಗೇ ಹೊಕ್ಕಿತು. ಕಾಡಿನಲ್ಲಿ ಎಷ್ಟೋ ವರ್ಷ ನಿಂತಿದ್ದ ಮರ. ಕಡಿದು ಮಲಗಿಸಿದ ಮೇಲೂ ಉಗುರಿನಷ್ಟು ಸದ್ದನ್ನು ಚೆಲ್ಲದೆ ತಂದುಕೊಡುತ್ತಿತ್ತು.

ಅಂದರೆ ಅವಳ ಕಿವಿ ಸರಿಯಾಗಿಯೇ ಇತ್ತು.

ಹಾಗಾದರೆ ಸರಿಯಿಲ್ಲದ್ದು ಆ ಸಾಗವಾನಿಯೇ. ಅಷ್ಟರಲ್ಲಿ ಕೆಲಸದವರು ಸಾಗವಾನಿಯನ್ನು ಹಲಗೆ ಕೊಯ್ಯಲು ಉರುಳಿಸತೊಡಗಿದ್ದರು. ಒಬ್ಬನು ಮಷಿನ್ ಸ್ವಿಚ್ಚಿಗೆ ಕೈ ಹಾಕಿದ.

ಭಾಗ್ಯ ಓಡಿಹೋಗಿ ಮುತ್ಯಾನ ಕಿವಿಗೆ ಬಾಯಿ ಇಟ್ಟು ಕೂಗಿದಳು. "ಮುತ್ಯಾ, ನಾ ಸುಳ್ಳ ಹೇಳಿನಿ. ಅದರಾಗ ನನಗ ಏನೂ ಕೇಳಸ್ಲಿಲ್ಲ."

ಮುತ್ಯಾ ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಕೈ ಎತ್ತಿದ. ಮಷಿನ್ ಶುರುವಾಗಲಿಲ್ಲ.

ಅಮೀರ್ ಅಲಿಗೆ ನಂಬಿಕೆ ಬರಲಿಲ್ಲ. ದೋಣಿಗೆಂದೇ ಆರಿಸಿ ಇಟ್ಟ ಮಾಲು ಇದು, ಹುಡುಗಿಗೆ ಗಾಬರಿಯಾಗಿರಬೇಕು ಎಂದ. ಮುತ್ಯಾ ವಾದಕ್ಕೆ ಹೋಗಲಿಲ್ಲ. ಭಾಗ್ಯ ಕಣ್ಣು ಮುಚ್ಚಿ ಕೇಳಲಿ, ಎಷ್ಟು ಸಲ ಗೀರಿದೆ ಎಂದು ಅವಳೇ ಹೇಳಲಿ ಎಂದ.

ಮತ್ತಿ ಮರಕ್ಕೆ ಕಿವಿ ಹಚ್ಚಿ ಅವಳು ಏಳು ಎಂದಳು. ಅಮೀರ್ ಅಲಿ ಎಣಿಸಿದ್ದೂ ಏಳೇ.

ಸಾಗವಾನಿಗೆ ಕಿವಿ ಹಚ್ಚಿ ಕಾದಳು. ಬಹಳ ಹೊತ್ತು ಕಾದಳು. ಕೊನೆಗೆ ಕಣ್ಣು ಬಿಡದೆಯೇ, "ಮುತ್ಯಾಗ ಶುರು ಮಾಡಂತ ಹೇಳ್ರಿ ಚಾಚಾ," ಎಂದಳು.

ಅಮೀರ್ ಅಲಿಯ ದನಿ ತಗ್ಗಿತ್ತು. "ಆಗಲೇ ಒಂಬತ್ತು ಸಲ ಗೀರ್ಯಾರ, ಬೇಟಿ."

ಅವನು ಇಸ್ತ್ರಿ ಅಂಗಿಯಲ್ಲೇ ಮಂಡಿಯೂರಿ ತಾನೂ ಕಿವಿಯಿಟ್ಟ. ಎದ್ದು, ದಿಮ್ಮಿಯನ್ನು ನಡುವೆ ಅಡ್ಡ ಕೊಯ್ಯಲು ಕೆಲಸದವರಿಗೆ ಕೈ ಮಾಡಿದ.

ಗರಗಸ ಚೀರಿತು. ದಿಮ್ಮಿ ಎರಡಾಯಿತು. ನಡುವೆ ಮುಷ್ಟಿ ಹೋಗುವಷ್ಟು ಟೊಳ್ಳು. ಅದರಿಂದ ಕಂದು ಪುಡಿ ಸುರಿದು ನೆಲದ ಮೇಲೆ ಗುಡ್ಡೆಯಾಯಿತು. ಎಂದೋ ಕೊಂಬೆ ಮುರಿದ ಜಾಗದಿಂದ ನೀರು ಇಳಿದಿತ್ತು. ಮೇಲೆ ಮರ ಗಾಯ ಮುಚ್ಚಿಕೊಂಡು ಚಂದ ಬೆಳೆದಿತ್ತು.

ಭಾಗ್ಯಳಿಗೆ ಹೊಳೆಯ ನಡುನೀರು ಕಣ್ಣ ಮುಂದೆ ಬಂತು. ದೋಣಿಯಲ್ಲಿ ಬುತ್ತಿ ಹಿಡಿದು ಕುಳಿತ ಜಬೀನಾ ಕಂಡಳು.

ಮುತ್ಯಾ ಟೊಳ್ಳಿನೊಳಗೆ ಬೆರಳು ಆಡಿಸಿ, ಪುಡಿಯನ್ನು ಮೂಸಿ ನೋಡಿ ಕೈ ಝಾಡಿಸಿದ. ಬೈಯುತ್ತಾನೆ ಎಂದು ಭಾಗ್ಯ ತಲೆ ತಗ್ಗಿಸಿದಳು.

"ಮರ ನಿನಗ ಹೇಳಿತ್ತು," ಎಂದ ಮುತ್ಯಾ. "ನೀ ನನಗ ಹೇಳಲಿಲ್ಲ."

ಅಷ್ಟೇ. ಅವನು ಮೊಳೆ ಎತ್ತಿಕೊಂಡು ಮೂರನೇ ದಿಮ್ಮಿಯ ಕಡೆ ನಡೆದ. ಆ ತುದಿಗೆ ಕುಳಿತು, ಬಾ ಎಂಬಂತೆ ಅವಳ ಕಡೆ ನೋಡಿದ.

ಅವನು ಇನ್ನೂ ತನ್ನನ್ನೇ ಕರೆಯುತ್ತಿದ್ದಾನೆ ಎಂಬುದು ಅವಳಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು.

ಈ ಮರ ಕಿವಿಗೆ ತಣ್ಣಗಿತ್ತು. ಸದ್ದು ಬಂತು, ಆದರೆ ದೂರದ್ದು, ಗೋಡೆಯಾಚೆಯ ಪಿಸುಮಾತಿನಂತೆ. ಹೌದು ಅನ್ನುವಷ್ಟೂ ಇಲ್ಲ, ಇಲ್ಲ ಅನ್ನುವಷ್ಟೂ ಇಲ್ಲ. ಅಮೀರ್ ಅಲಿ, ಕೆಲಸದವರು ಎಲ್ಲರೂ ಈಗ ಅವಳ ಸುತ್ತಲೇ ನಿಂತಿದ್ದರು. ಯಾರೋ ಅವಸರದಿಂದ ಏನಾಯಿತು ಎಂದು ಕೇಳಿದರು.

ಭಾಗ್ಯ ಮುತ್ಯಾನಿಗೆ ಕಾಣುವಂತೆ ಒಂದು ಬೆರಳು ಎತ್ತಿ ತೋರಿಸಿದಳು. ಇನ್ನೊಮ್ಮೆ.

ಮುತ್ಯಾ ಮೊಳೆಯನ್ನು ಸರಿಯಾಗಿ ಹಿಡಿದುಕೊಂಡು ಮೊದಲಿನಿಂದ ಗೀರಲು ಶುರುಮಾಡಿದ.