ಖಲಂದರ್ ಭಾಯಿಯ ಹಾಯಿದೋಣಿ

ಇದನ್ನು ನಂಬಿ ಅಂತ ನಾನು ಯಾರಿಗೂ ಹೇಳೋದಿಲ್ಲ. ನಾವಿಬ್ಬರು ಚನ್ನಪಟ್ಟಣದಲ್ಲಿ ಗೊಂಬೆ ಮಾಡೋ ಅಣ್ಣತಮ್ಮಂದಿರು. ಖಲಂದರ್ ಭಾಯಿಗೆ ಹಾಯಿದೋಣಿಯ ಹುಚ್ಚು. ಮಳೆಗಾಲದ ಗಾಳಿ ಇರೋವರೆಗೂ ಕಣ್ವ ಜಲಾಶಯದಲ್ಲಿ ತೇಲಿಸೋನು. ಚಳಿಗಾಲಕ್ಕೆ ಅದನ್ನು ಹಿತ್ತಲಿಗೆ ತಂದು ಇಬ್ಬರೂ ರಿಪೇರಿ ಮಾಡುತ್ತಿದ್ದೆವು. ನಾನು ಹೊರಗಿನಿಂದ ಬೋಲ್ಟ್ ತಿರುಗಿಸುವಾಗ ಅವನು ಒಳಗೆ ಮಲಗಿ ಸ್ಪ್ಯಾನರಿನಲ್ಲಿ ನಟ್ಟು ಹಿಡಿಯುತ್ತಿದ್ದ. ಹಾಗೆ ಹಿಡಿಯದಿದ್ದರೆ ನಟ್ಟೂ ಜೊತೆಗೇ ಸುತ್ತುತ್ತದೆ, ಬಿಗಿಯಾಗೋದಿಲ್ಲ.

ಹೋದ ವರ್ಷ ಭಾಯಿ ಎದೆನೋವು ಬಂದು ಹೋಗಿಬಿಟ್ಟ. ದೋಣಿಯನ್ನು ಹಾಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ಒಂದು ಮಧ್ಯಾಹ್ನ ಹೊಸ ಬೋಲ್ಟುಗಳಿಗೆ ನಟ್ಟುಗಳನ್ನು ಕೈಯಲ್ಲೇ ಸಡಿಲವಾಗಿ ಕೂರಿಸಿ, ಹೊರಗೆ ಬಂದು ಸುಮ್ಮನೆ ಒಂದನ್ನು ತಿರುಗಿಸಿದೆ. ಅದು ಬಿಗಿಯಾಯಿತು. ಪಕ್ಕದ್ದೂ ಬಿಗಿಯಾಯಿತು. ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಬಿಸಿಲಿಗೆ ಕಾದಿದ್ದ ದೋಣಿಯ ಮೈ ಆ ಬೋಲ್ಟುಗಳ ಬಳಿ ಮಾತ್ರ ತಣ್ಣಗಿತ್ತು.

ಭಾಯಿಯ ಹೆಂಡತಿ ಅತಿಯಾ ಭಾಬಿ ಚಹಾ ತಂದವರು ಸದ್ದು ಕೇಳಿ ನಿಂತರು.

"ಒಳ್ಗೆ ಯಾರ್ ಹಿಡ್ಕೊಂಡವ್ರೆ, ತನ್ವೀರ್?"

"ಯಾರೂ ಇಲ್ಲ, ಭಾಬಿ."

ಅವರು ಬಗ್ಗಿ ಒಳಗೆ ನೋಡಿದರು. ಖಾಲಿ. ಭಾಯಿ ನಟ್ಟು ಹಿಡಿಯುತ್ತಿದ್ದ ಸ್ಪ್ಯಾನರು ನನ್ನ ಕಾಲ ಬಳಿಯ ಡಬ್ಬದಲ್ಲೇ ಇತ್ತು. ಭಾಬಿ ದೋಣಿಗೆ ಕೆನ್ನೆ ಆನಿಸಿ ಕೂತುಬಿಟ್ಟರು.

"ಒಂದ್ಸಲ ಬಿಚ್ಚಿ ಮತ್ತೆ ತಿರುಗ್ಸಪ್ಪ," ಅಂದರು.

ಬಿಚ್ಚಿ ತಿರುಗಿಸಿದೆ. ಮತ್ತೆ ಬಿಗಿಯಾಯಿತು. ಸಂಜೆಯ ಅಜಾನ್ ಕೇಳುವವರೆಗೂ ಅವರು ಅಳುತ್ತಾ ಬಿಚ್ಚಿಸುತ್ತಲೇ ಇದ್ದರು. ಒಂದು ನಟ್ಟೂ ಜಾರಲಿಲ್ಲ.