ಕುಣಿಯ ತಳದ ನಾಣ್ಯ

ಚಿಕ್ಕನರಗುಂದದ ಹೊಲದಲ್ಲಿ ಕಲ್ಲು ಇರಲಿಲ್ಲ.

ಶೈಲಶ್ರೀ ಕ್ಯಾಮೆರಾ ಹಿಡಿದು ನಿಂತೇಬಿಟ್ಟಳು. ಅಪ್ಪ ಗುರುಸಂಗಪ್ಪ ತೀರಿಕೊಂಡ ಮೇಲೆ ರೋಣದ ‘ನೆಲದ ಚರಿತ್ರೆ’ ಪತ್ರಿಕೆಗೆ ಅವಳೇ ಸಹಸಂಪಾದಕಿ. ಇದು ಅವಳ ಕೈಯಿಂದ ಬರುವ ಮೊದಲ ಸಂಚಿಕೆ. ಹಳೆಯ ಎತ್ತಿನ ದಾರಿ ಈ ಊರ ಮೇಲೆಯೇ ಹಾಯ್ದಿತ್ತೆಂದು ಹೇಳುವ ಮೊಣಕಾಲೆತ್ತರದ ದಾರಿಗಲ್ಲೇ ಮಾಯವಾಗಿತ್ತು. ಅದಿಲ್ಲದಿದ್ದರೆ ಅವಳ ಲೇಖನ ಬರೀ ಬಾಯಿಮಾತು.

ಮೊದಲ ಸಂಶಯ ಹೊಲದ ಮಾಲೀಕ ಪರಶಪ್ಪನ ಮೇಲೆ. ಕಲ್ಲಿನ ನೆಪದಲ್ಲಿ ಸರಕಾರ ಹೊಲ ಕಸಿದುಕೊಂಡೀತೆಂದು ಅವನು ಗೊಣಗಿದ್ದುಂಟು. ಕೇಳಿದರೆ ಕಣ್ಣಲ್ಲಿ ನೀರು ತಂದ.

“ಎಳ್ಳ ಅಮಾಸಿಗೆ ಹೊಲಕ್ಕ ಎಡಿ ಹಿಡದು ಚರಗ ಚೆಲ್ಲೂಮುಂದ ಮೊದಲ ತುತ್ತು ಅದಕ್ಕರಿ. ದೇವರನ್ನ ಕಿತ್ತು ನಾ ಬದುಕೇನ್ರಿ?”

ಅರಿಶಿನದ ಭಂಡಾರ ಹಚ್ಚಿ ಹಚ್ಚಿ ಕಲ್ಲು ಹಳದಿಯಾದದ್ದನ್ನು ಅವಳೇ ಕಂಡಿದ್ದಳು. ಇವನಲ್ಲ.

* * *

ಕಲ್ಲು ಕಿತ್ತ ಕುಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಸುತ್ತ ಕರಿ ಎರೆಮಣ್ಣು, ಕುಣಿಯೊಳಗೆ ಮಾತ್ರ ಕೆಂಪು ಗರಸುಮಣ್ಣು. ದನದ ಕಾಲು ಸಿಕ್ಕೀತೆಂದು ಯಾರೋ ಗುಡ್ಡದ ಕಡೆಯಿಂದ ತಂದು ತುಂಬಿದ್ದರು. ಎಂಥಾ ಮರ್ಯಾದಸ್ಥ ಕಳ್ಳನಪ್ಪಾ! ತೋಡಿದಳು. ತಳದಲ್ಲಿ ಹೊಚ್ಚ ಹೊಸ ರೂಪಾಯಿ ನಾಣ್ಯ.

ಅದನ್ನು ಅಂಗೈಯಲ್ಲಿಟ್ಟು ಮಣ್ಣು ಒರೆಸಿದಳು. ಚಿಕ್ಕಂದಿನಲ್ಲಿ ಅಪ್ಪನ ಬೆನ್ನು ಹತ್ತಿ ಹೊಲಹೊಲ ತಿರುಗಿದ್ದು ನೆನಪಾಯಿತು. ಅಗೆದ ಕುಣಿ ಮುಚ್ಚುವ ಮುನ್ನ ಅಪ್ಪ ಅವಳ ಕೈಯಿಂದಲೇ ನಾಣ್ಯ ಹಾಕಿಸುತ್ತಿದ್ದ. ಇಲ್ಲಿ ಯಾವ ಕಾಲದಲ್ಲಿ ಅಗೆದಿದ್ದರೆಂದು ಅದರ ಮೇಲಿನ ಇಸವಿಯಿಂದ ಮುಂದಿನವರಿಗೆ ತಿಳಿಯಬೇಕಲ್ಲ. ಈ ಸೀಮೆಯಲ್ಲಿ ಆ ರೂಢಿ ಇದ್ದವರು ಮೂವರೇ. ಅಪ್ಪ ಇಲ್ಲ. ಇನ್ನೊಬ್ಬಳು ತಾನು.

* * *

ಮೂರನೆಯವರು ಗಜೇಂದ್ರಗಡದ ಶ್ರೀಧರ, ಅಪ್ಪನ ಜೀವದ ಗೆಳೆಯ, ಪತ್ರಿಕೆಯ ಇನ್ನೊಬ್ಬ ಸಂಪಾದಕ. ಶೈಲಶ್ರೀ ನಾಣ್ಯವನ್ನು ಅವರ ಮುಂದಿಟ್ಟಳು. ಗರಸು ನಿಮ್ಮ ಗುಡ್ಡದ್ದು, ರೂಢಿ ನಿಮ್ಮದು, ಕಲ್ಲಿನ ವಿಷಯ ನಾನು ಹೇಳಿದ್ದೂ ನಿಮಗೊಬ್ಬರಿಗೇ ಎಂದಳು. ಮುದುಕ ತಲೆ ತಗ್ಗಿಸಿದರು. ಆಳು ಹಿಡಿದು ಟಂಟಂ ಗಾಡಿಯಲ್ಲಿ ತರಿಸಿದ್ದರಂತೆ. ಕಲ್ಲು ಹಿತ್ತಲಲ್ಲೇ ಇತ್ತು.

“ದಾರಿ ಚಿಕ್ಕನರಗುಂದದ ಮ್ಯಾಲಲ್ಲ, ಅಬ್ಬಿಗೇರಿ ಮ್ಯಾಲೆ ಹಾಯ್ದಿತ್ತಂತ ನಿಮ್ಮಪ್ಪ ಪತ್ರಿಕಿಯ ಮೊಟ್ಟಮೊದಲ ಸಂಚಿಕಿಯೊಳಗ ಬರದಿದ್ದ. ಅವನ ಮಾತು ಅವನ ಮಗಳ ಕೈಯಾಗ ಸುಳ್ಳ ಆಗೂದು ನೋಡಾಕ ನನ್ನ ಕಡಿಂದ ಆಗಲಿಲ್ಲವ್ವಾ.”

ಅವಳಿಗೆ ಸಿಟ್ಟು ಬರಲಿಲ್ಲ, ಅಳು ಬಂತು.

“ಹಂಗಾರ ನಾಣ್ಯ ಯಾಕ ಹಾಕಿದ್ರಿ ಕಾಕಾ?”

“ಹಾಕದಿದ್ರ ಗುರುಸಂಗ ಬೈತಿದ್ದ.”

ಅಪ್ಪನ ತಪ್ಪನ್ನು ಮೊದಲ ಪುಟದಲ್ಲೇ ತಿದ್ದುವುದೆಂದು ಇಬ್ಬರೂ ಒಪ್ಪಿದರು. ಕೆಳಗೆ ಇಬ್ಬರ ಹೆಸರೂ ಬರಬೇಕೆಂದು ಅವಳು ಹಟ ಹಿಡಿದಳು.

ಮರುದಿನ ಹೊಲದಲ್ಲಿ ಪರಶಪ್ಪ ತೆಂಗಿನಕಾಯಿ ಹಿಡಿದು ಕಾಯುತ್ತಿದ್ದ. ಕಲ್ಲು ನೆಡುವ ಮುನ್ನ ಶ್ರೀಧರ ಕಿಸೆಯಿಂದ ಆ ನಾಣ್ಯ ತೆಗೆದು ಅವಳ ಕೈಗೆ ಕೊಟ್ಟರು, ಅಪ್ಪ ಕೊಡುತ್ತಿದ್ದ ಹಾಗೆಯೇ.