ಕೈತುತ್ತಿನ ಗಿಣಿ

"ನನ್ ಗಿಣಿಗೆ ದಿನಾ ನಿನ್ ಕೈಯಿಂದ್ಲೇ ತಿನ್ಸ್. ಬಟ್ಲಲ್ಲಿ ಹಾಕಿ ಹೋಯ್ಬೇಡ."

ಬಾರ್ಕೂರಿನ ಮನೆಯಲ್ಲಿ ಜ್ವರ ಬಂದು ಮಲಗಿದ್ದ ಗಂಡ ಉಮಾನಾಥನ ಕೊನೆಯ ಬೇಡಿಕೆ ಅದು. ಕುಸುಮಾವತಿ ಅವನ ಕೈ ಹಿಡಿದು ಮಾತು ಕೊಟ್ಟಿದ್ದಳು.

ವರ್ಷಗಳು ಕಳೆದು, ಕೋಟೇಶ್ವರದ ಪ್ರೇಮಾನಂದನಿಗೆ ಎರಡನೇ ಹೆಂಡತಿಯಾಗಿ ಬಂದಿಳಿದಾಗಲೂ ಗಿಣಿಗೂಡು ಅವಳ ಕೈಯಲ್ಲೇ ಇತ್ತು. ಅವನ ತಾಯಿಯಿಲ್ಲದ ಮಗಳು, ನಾಲ್ಕು ವರ್ಷದ ಸೀತು, ಬಾಗಿಲಲ್ಲಿ ನಿಂತು ಇಣುಕುತ್ತಿದ್ದಳು.

ಪ್ರೇಮಾನಂದ ಗೂಡು ನೋಡಿದ. "ಇದ್ ಕಚ್ಚತ್ತಾ?"

"ನಂಗೆ ಕಚ್ಚುದಿಲ್ಲೆ."

"ನಿಂಗಲ್ಲ ಮಾರಾಯ್ತಿ. ನಾನ್ ಕೇಂಡದ್ದ್ ಮಗಿಗೆ." ಅವನು ಸೀತುವಿನ ಕಡೆ ಕೈ ತೋರಿದ.

ಅವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ತನ್ನ ಕೈಗೆಟುಕುವಷ್ಟು ತಗ್ಗಿನಲ್ಲಿ ಗೂಡನ್ನು ಜಗಲಿಗೆ ಕಟ್ಟಿದಳು. ದಿನಾ ಬಾಳೆಹಣ್ಣಿನ ಚೂರು ಹಿಡಿದು ಸರಳಿನೊಳಗೆ ಬೆರಳು ಚಾಚುವಳು. ಸೀತು ಕಂಬದ ಮರೆಯಲ್ಲಿ ನಿಂತು ನೋಡುವಳು.

ಒಂದು ಬೆಳಿಗ್ಗೆ ಮಗುವಿನ ಚೀರಾಟ... ಓಡಿ ಬಂದರೆ ಸೀತು ಗೂಡಿನ ಬಳಿ ಮಣೆ ಹತ್ತಿ ನಿಂತಿದ್ದಾಳೆ. ಬೆರಳ ತುದಿ ಹರಿದು ರಕ್ತ ಮೊಣಕೈವರೆಗೆ ಇಳಿದಿದೆ.

ಪ್ರೇಮಾನಂದ ಮಗಳನ್ನೆತ್ತಿಕೊಂಡು ಡಾಕ್ಟರ ಬಳಿ ಓಡಿದ. ಹೆಂಡತಿಯನ್ನು ಜೊತೆಗೆ ಕರೆಯಲೂ ಇಲ್ಲ. ಮರುದಿನ ಅವಳು ನೀರು ಸೇದಿ ಬರುವಷ್ಟರಲ್ಲಿ ಗೂಡೂ ಇಲ್ಲ, ಅವನೂ ಇಲ್ಲ.

'ಗಿಣಿಯನ್ನು ಯಾರಿಗೋ ಕೊಡಲು ಹೋದರು... ನಾಳೆ ನನ್ನನ್ನೂ ಬಾರ್ಕೂರಿಗೆ ಬಿಟ್ಟು ಬರುತ್ತಾರೆ...'

ಅವಳೇ ಬಟ್ಟೆ ಗಂಟು ಕಟ್ಟಿಟ್ಟಳು.

ಸಂಜೆ ಅವನು ಬಂದ. ಕೈಯಲ್ಲಿ ಅದೇ ಗೂಡು, ಸುತ್ತ ಸಣ್ಣ ಕಣ್ಣಿನ ತಂತಿಬಲೆ.

"ಹ್ವಾಯ್... ಕೊಟ್ ಬಂದ್ರಿ ಅಂದ್ಕಂಡಿದ್ದೆ."

"ಎಂತಕ್ ಕೊಡುದ್? ನೀ ಉಮಾನಾಥ್ರಿಗೆ ಮಾತ್ ಕೊಟ್ಟದ್ದ್ ನಿನ್ನಣ್ಣ ಮದ್ವಿ ದಿನವೇ ಹೇಳಿದ್ರ್. ಕಾಣ್, ನಿನ್ ಕೈಗೆ ಇಲ್ಲೊಂದ್ ಕಿಂಡಿ ಬಿಡ್ಸಿದೆ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಈ ಮನುಷ್ಯನ ಮುಖವನ್ನು ತಾನು ಸರಿಯಾಗಿ ನೋಡಿಯೇ ಇರಲಿಲ್ಲವಲ್ಲ...

ಬಟ್ಟೆ ಸುತ್ತಿದ ಬೆರಳು ಹಿಡಿದುಕೊಂಡು ಸೀತು ಕುಸುಮಾವತಿಯ ಹತ್ತಿರ ಬಂದಳು.

"ಎಂತಕ್ ಕೈ ಹಾಕ್ದೆ ಮಗಾ?"

"ನೀನ್ ಹಾಕ್ತಿಯಲೆ. ನಾನೂ ನಿನ್ನಂಗೆ ಮಾಡ್ದೆ."

ಕುಸುಮಾವತಿ ಆ ಕಿಂಡಿಯನ್ನೇ ನೋಡುತ್ತ ಕೂತಳು. ಆಮೇಲೆ ತಂತಿಯ ತುಂಡು ತಂದು ಅದನ್ನು ಹೊಲಿದು ಮುಚ್ಚಿದಳು. ಬಟ್ಟಲು ಇಡುವ ಬಾಗಿಲೊಂದೇ ಉಳಿಯಿತು.

"ಮುಚ್ಚುದೆಂತಕೆ? ಮಾತ್ ಕೊಟ್ಟಿದ್ದೆ ಅಲ್ದಾ?"

"ಮಗಿ ನನ್ ಕೈಯನ್ನೇ ಕಾಣ್ತಾ ಇತ್ತಲೆ."

ಅವನು ಮೂಲೆಯ ಕಡೆ ನೋಡಿದ. "ಆ ಗಂಟೆಂತ?"

"ಒಗುಕೆ ಇಟ್ಟ ಬಟ್ಟೆ."

"ಒಗ್ದ್ ಇಲ್ಲೇ ಒಣಗ್ಸ್. ನೀ ಹೋದ್ರೆ ನಾವಿಬ್ರೂ ಮತ್ತೆ ಯಾರೂ ಇಲ್ದವ್ರ್."

"ಹೋತಿಲ್ಲೆ," ಎಂದಳು ಅವಳು.

ಗೂಡನ್ನು ಅವನು ಮಾಡಿನ ಪಕಾಸಿನ ಮರಕ್ಕೆ ಎತ್ತರದಲ್ಲಿ ಕಟ್ಟಿದ. ಬಾಳೆಹಣ್ಣಿನ ಚೂರನ್ನು ಅವಳು ಸ್ಟೂಲು ಹತ್ತಿ ಬಟ್ಟಲಿಗೆ ಹಾಕಿದಳು. ಗಿಣಿ ಆ ದಿನ ಮುಟ್ಟಲಿಲ್ಲ.

ಉಮಾನಾಥನಿಗೆ ಕೊಟ್ಟ ಮಾತನ್ನು ಕುಸುಮಾವತಿ ಮುರಿದಳು.